ಸಿಪ್ಪೆ ಬಣ್ಣ

ಅಜ್ಜಂಪುರದ ಮಂಡಿಯಲ್ಲಿ
ಈರುಳ್ಳಿಗೆ ರೇಟು ಕೂಗುವ ಹೊತ್ತಿಗೆ
ನಾನು ನೆಲ ನೋಡುತ್ತಿರುತ್ತೇನೆ.
ಗಾಳಿಗೆ ಎದ್ದು ಎದ್ದು ಕೂರುವ ಸಿಪ್ಪೆ,
ಲಾರಿ ಗಾಲಿಗೆ ಸಿಕ್ಕಿದ್ದು,
ಹಮಾಲರ ಬೆವರಿಗೆ ಅಂಟಿದ್ದು ಬಿಟ್ಟು
ಮಿಕ್ಕಿದ್ದೆಲ್ಲ ನನ್ನ ಗೋಣಿಗೆ.

‘ಸಿಪ್ಪೆ ಮೇಡಂ ಬಂದ್ರು’ ಅಂತಾರೆ.
ಮೊದಲ ವರ್ಷ ಪುಕ್ಕಟೆ ಕೊಟ್ಟ ಓಂಕಾರಪ್ಪ
ಎರಡನೇ ವರ್ಷ ತಕ್ಕಡಿ ತಂದ.
ಯಾರಿಗೋ ಬೇಕು ಅಂದಮೇಲೆ
ಕಸಕ್ಕೂ ಒಂದು ತೂಕ ಬರುತ್ತದೆ;
ಅವನದೇನೂ ತಪ್ಪಿಲ್ಲ.

ನಿಂತುಹೋದ ಹಿಟ್ಟಿನ ಗಿರಣಿಯೇ ನನ್ನ ಕಾರ್ಖಾನೆ.
ಗೋಡೆಯ ಬಿರುಕಿನಲ್ಲಿ ಇನ್ನೂ ರಾಗಿ ಇದೆ,
ಒದ್ದೆ ಬಟ್ಟೆ ಜೋರಾಗಿ ಕೊಡವಿದರೆ ಉದುರುತ್ತದೆ.
ಮೂರು ಹಂಡೆ, ಒಂದು ಸಾಲದ ಒಲೆ,
ಪಟಿಕ, ಅಳಲೆಕಾಯಿ,
ತುಕ್ಕು ಮೊಳೆಗೆ ಬೆಲ್ಲ ಹಾಕಿ
ಹದಿನೈದು ದಿನ ಮರೆತುಬಿಡಬೇಕಾದ ನೀರು.
ಮರೆಯುವುದೂ ಇಲ್ಲಿ ಒಂದು ಕೆಲಸ.
ಹಾಲಮ್ಮನಿಗೆ ಅದು ಬರುತ್ತದೆ, ನನಗೆ ಬರುವುದಿಲ್ಲ.
ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ಮೂಸುತ್ತೇನೆ.
‘ಮಲಗಿದ ಕೂಸನ್ನ ಎಬ್ಬಿಸಿ ಎಬ್ಬಿಸಿ
ನಿದ್ದೆ ಬಂತಾ ಅಂತ ಕೇಳೋರ ಹಂಗೆ ಆಡ್ತೀರಲ್ಲಮ್ಮ’
ಅನ್ನುತ್ತಾಳೆ.

ಚೀಟಿಯ ಮೇಲೆ ನಾನೇ ಬರೆದದ್ದು:
‘ನಿಧಾನವಾಗಿ ಮಾಡಿದ್ದು.’
ಇನ್ನೂರು ಚೀಟಿಗೆ ದಾರ ಪೋಣಿಸಿದ್ದು
ರಾತ್ರಿ ಎರಡು ಗಂಟೆಗೆ,
ಕರೆಂಟು ಹೋಗಿ, ಮೊಬೈಲ್ ಬೆಳಕಲ್ಲಿ,
ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡು.
ನಿಧಾನ ಬಟ್ಟೆಯದು.
ನನ್ನದು ಅಂತ ಎಲ್ಲೂ ಬರೆದಿಲ್ಲ.

ದಾವಣಗೆರೆಯಿಂದ ಒಬ್ಬರು ವಾಪಸ್ ಕಳಿಸಿದರು:
ಫೋಟೋದಲ್ಲಿ ಜೇನು, ಕೈಗೆ ಬಂದದ್ದು ಕೆಸರು.
ನಿಜ. ಆ ವಾರ ಬೋರು ಕೈಕೊಟ್ಟು
ಟ್ಯಾಂಕರ್ ನೀರು ಹಾಕಿದ್ದೆ.
ಯಾವ ಹೊಲದ ಆಳದ ಕಬ್ಬಿಣವೋ
ಹಂಡೆಗೆ ಬಂದು ತನ್ನ ಮಾತು ಹೇಳಿತ್ತು.
ಇದನ್ನೆಲ್ಲ ಬರೆದು, ಅಳಿಸಿ,
‘ಕ್ಷಮಿಸಿ, ಹಣ ವಾಪಸ್ ಹಾಕಿದ್ದೇನೆ’ ಎಂದಷ್ಟೇ ಉಳಿಸಿದೆ.

ಆ ಕೆಸರು ಶಾಲನ್ನು
ಹಾಲಮ್ಮ ತಲೆಗೆ ಸುತ್ತಿಕೊಂಡು ಹೋದಳು.
ಭಾನುವಾರ ತನ್ನ ಅರ್ಧ ಎಕರೆಯಲ್ಲಿ ಕಳೆ ಕೀಳುವಾಗ,
ಕೊಯ್ಲು ಬಂದಾಗ ನನಗೆ ಹೇಳದೆ ಹದಿನೈದು ದಿನ.
ಬೆವರು, ಬಾರ್ ಸೋಪು, ಬೇಲಿ ಮೇಲೆ ಬಿಸಿಲು.
ಒಂದು ಯುಗಾದಿ ಕಳೆದು ಇನ್ನೊಂದು ಬಂತು.

ಮೊನ್ನೆ ಬಂದ ಹುಡುಗಿ ಚಿಕ್ಕಮಗಳೂರಲ್ಲಿ ಹೋಂಸ್ಟೇ ಮಾಡಿದ್ದಾಳೆ,
ಮಂಚಕ್ಕೆ, ಕಿಟಕಿಗೆ, ಎಲ್ಲದಕ್ಕೂ ಬಟ್ಟೆ ಬೇಕಂತೆ.
ಕಪಾಟಿನಲ್ಲಿದ್ದದ್ದನ್ನೆಲ್ಲ ಸವರಿ ಬಿಟ್ಟು
ಹಾಲಮ್ಮನ ತಲೆಯನ್ನೇ ನೋಡಿದಳು.
‘ಆ ಕಲರ್. ಅದೇ. ನಲವತ್ತು ಮೀಟರ್ ಆಗುತ್ತಾ?’

ನಾನು ಅಲ್ಲಿಯವರೆಗೆ ನೋಡೇ ಇರಲಿಲ್ಲ.
ಕೊಯ್ಲಾದ ಹೊಲದ ಕೂಳೆಯ ಮೇಲೆ
ಸಂಜೆ ಐದೂವರೆಗೆ ಒಂದು ಗಳಿಗೆ ನಿಂತು
ಹೋಗುತ್ತದಲ್ಲ, ಅದು.
ಮೂರು ವರ್ಷದಿಂದ ನೋಟ್‌ಬುಕ್ಕಿನಲ್ಲಿ
ಗ್ರಾಂ ಗ್ರಾಂ ಬರೆದು ಹುಡುಕಿದ್ದು
ನನ್ನೆದುರೇ ಕಸ ಗುಡಿಸುತ್ತಿತ್ತು.

ಹಾಲಮ್ಮ ಶಾಲು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡಳು.
‘ಆಗ್ತೈತವ್ವ. ಒಂದು ವರ್ಷ ನನ್ ಜತೆ ಕಳೆ ಕೀಳಬೇಕು.
ಮೀಟರಿಗೆ ಒಬ್ರು. ನಲವತ್ತು ಜನ ಕರ್ಕಂಡು ಬಾ.
ನಮ್ಮೂರಾಗೆ ಆಳೂ ಸಿಗ್ತಿಲ್ಲ.’

ಹುಡುಗಿ ನಕ್ಕಳು. ನಾನೂ ನಕ್ಕೆ.
ಹಾಲಮ್ಮ ನಗಲಿಲ್ಲ,
ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

ಆರ್ಡರ್ ಪುಸ್ತಕ ತೆರೆದು ಕೂತಿದ್ದೇನೆ.
ನಲವತ್ತು ಮೀಟರ್ ಎಂದು ಬರೆದಾಗಿದೆ,
ದರದ ಮುಂದೆ ಪೆನ್ನು ನಿಂತಿದೆ.
ಒಲೆಯ ಕಂತು ಹತ್ತನೇ ತಾರೀಖಿಗೆ.
ಒಳಗೆ ಹಂಡೆ ಕುದಿ ಹಿಡಿಯುತ್ತಿದೆ,
ನಾನು ಏಳುವ ಮೊದಲೇ ದನಿ ಬರುತ್ತದೆ:
‘ಮುಚ್ಚಳ ಮುಟ್ಬ್ಯಾಡ್ರಿ.’